ಬೊಡ್ಡೆ ತುರಿಯುವ ಯಂತ್ರ: ಓದುಗರ ಪ್ರಶ್ನೆ, ವರ್ಕ್‌ಶಾಪ್ ಉತ್ತರ

ಮರ ಕಡಿದ ಮೇಲೆ ಉಳಿಯುವ ಬೊಡ್ಡೆಯನ್ನು ನೆಲಮಟ್ಟಕ್ಕಿಂತ ಕೆಳಗಿನವರೆಗೂ ತುರಿದುಹಾಕುವ, ಟ್ರ್ಯಾಕ್ಟರ್ ಪಿಟಿಒದಿಂದ (ಹಿಂಬದಿಯ ತಿರುಗುವ ಶಾಫ್ಟ್) ನಡೆಯುವ ಯಂತ್ರವನ್ನು ಊರ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿಕೊಳ್ಳುವುದು ಹೇಗೆ, ಕೆಟ್ಟರೆ ರಿಪೇರಿ ಹೇಗೆ ಎಂದು ಕೇಳಿ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ.

ತೋಟದಲ್ಲಿ ಹಳೆಯ ತೆಂಗಿನ ಬೊಡ್ಡೆಗಳು ಸುಮಾರು ಅರವತ್ತಿವೆ. 42 ಎಚ್‌ಪಿ ಟ್ರ್ಯಾಕ್ಟರ್ ಇದೆ. ಯಂತ್ರ ಮಾಡಿಸಬಹುದೇ? ಅಳತೆಗಳು ಏನಿರಬೇಕು? — ತಿಪಟೂರಿನ ಓದುಗರು

ಬೊಡ್ಡೆಗಳೆಲ್ಲ ಬಯಲಲ್ಲಿ ಒಂದೇ ಕಡೆ ಇದ್ದರೆ ಯಂತ್ರದ ಗೋಜು ಬೇಡ, ಜೆಸಿಬಿ ಕರೆಸಿ ಕೀಳಿಸಿ. ಸಾಲುಗಳ ನಡುವೆ ಡ್ರಿಪ್ ಪೈಪ್, ಅಡಿಕೆ ಸಸಿ, ಮನೆಯ ಪಾಯ ಇದ್ದು ಜೆಸಿಬಿ ಬಕೆಟ್ ತಿರುಗಿಸಲು ಜಾಗವಿಲ್ಲದ ಕಡೆ ಮಾತ್ರ ಈ ಯಂತ್ರ ತನ್ನ ಖರ್ಚನ್ನು ತಾನೇ ತೀರಿಸುತ್ತದೆ. ತುರಿಯುವ ಯಂತ್ರ ಬೇರನ್ನೆಲ್ಲ ತೆಗೆಯುವುದಿಲ್ಲ, ಬುಡವನ್ನು ಅರ್ಧ ಅಡಿಯಿಂದ ಒಂದು ಅಡಿ ಆಳದವರೆಗೆ ಪುಡಿ ಮಾಡುತ್ತದೆ, ಅಷ್ಟೇ.

ಮಾಡಿಸುವುದೇ ಆದರೆ ಲೆಕ್ಕ ಶುರುವಾಗುವುದು ತುರಿಯುವ ಚಕ್ರದ ಅಂಚಿನ ಹಲ್ಲಿನ ವೇಗದಿಂದ. ಹಲ್ಲಿನ ತುದಿ ಸೆಕೆಂಡಿಗೆ 25ರಿಂದ 30 ಮೀಟರ್ ವೇಗದಲ್ಲಿ ಓಡಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ಹಲ್ಲು ಮರವನ್ನು ತುರಿಯುವ ಬದಲು ಕೊಕ್ಕೆಯಂತೆ ಸಿಕ್ಕಿಕೊಂಡು ಇಡೀ ಯಂತ್ರವನ್ನು ಒದೆಯುತ್ತದೆ. ಹೆಚ್ಚಾದರೆ ಕಲ್ಲು ತಾಗಿದಾಗ ಹಲ್ಲಿನ ಮೊನೆ ಸಿಡಿಯುತ್ತದೆ. 600 ಮಿ.ಮೀ. ವ್ಯಾಸದ ಚಕ್ರದ ಅಂಚಿನಿಂದ ಹಲ್ಲು 30 ಮಿ.ಮೀ. ಆಚೆ ಚಾಚಿದರೆ ತುದಿಯ ವ್ಯಾಸ 660 ಆಗುತ್ತದೆ. ಪಿಟಿಒದ ನಿಮಿಷಕ್ಕೆ 540 ಸುತ್ತನ್ನು 1:1.47 ಅನುಪಾತದ ಸ್ಲ್ಯಾಶರ್ (ಕಳೆ ಕತ್ತರಿಸುವ ಯಂತ್ರ) ಗೇರ್‌ಬಾಕ್ಸ್ ಸುಮಾರು 794ಕ್ಕೆ ಏರಿಸುತ್ತದೆ. ಆಗ ತುದಿಯ ವೇಗ ಸೆಕೆಂಡಿಗೆ 27 ಮೀಟರ್. 42 ಎಚ್‌ಪಿಗೆ ಇದು ಸರಿಯಾದ ಜೋಡಿ.

ಚಕ್ರಕ್ಕೆ 25 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪ್ಲೇಟ್ ಸಾಕು, ತೂಕ 55 ಕಿಲೋ ಬರುತ್ತದೆ. ಗ್ಯಾಸ್ ಕಟಿಂಗ್ ಮಾಡಿಸಿದ್ದನ್ನು ಹಾಗೆಯೇ ಹಾಕಬೇಡಿ, ಲೇತ್‌ನಲ್ಲಿ ಅಂಚು ಮತ್ತು ಮಧ್ಯದ ತೂತನ್ನು ಒಂದೇ ಸೆಟಿಂಗ್‌ನಲ್ಲಿ ತಿರುವಿಸಿ. ಹಬ್‌ಗೆ ವೆಲ್ಡ್ ಮಾಡಬೇಡಿ, 8 ಎಂ16 ಬೋಲ್ಟ್‌ಗಳಿಂದ ಕೂರಿಸಿ. ಮುಂದೆ ಚಕ್ರ ಬದಲಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಶಾಫ್ಟ್ 60 ಮಿ.ಮೀ. ಇಎನ್8 ಉಕ್ಕು, ಅದರ ಎರಡೂ ಬದಿಗೆ ಯುಸಿಪಿ 212 ಬೇರಿಂಗ್. ಚಕ್ರವನ್ನು ಗೇರ್‌ಬಾಕ್ಸಿನ ಶಾಫ್ಟಿಗೇ ನೇರವಾಗಿ ತೂಗುಹಾಕುವುದು ಸುಲಭವೆನಿಸುತ್ತದೆ, ಆದರೆ ಬೊಡ್ಡೆಯ ಪ್ರತಿ ಹೊಡೆತವೂ ಆಗ ಗೇರ್‌ಬಾಕ್ಸಿನ ಬೇರಿಂಗಿನ ಮೇಲೇ ಬೀಳುತ್ತದೆ. ಗೇರ್‌ಬಾಕ್ಸಿಗೂ ಚಕ್ರದ ಶಾಫ್ಟಿಗೂ ನಡುವೆ ಚೈನ್ ಕಪ್ಲಿಂಗ್ ಇರಲಿ.

ಪಿಟಿಒದ ತುದಿಯಲ್ಲೇ ವಿ-ಬೆಲ್ಟ್ ಹಾಕುವ ಯೋಚನೆಯೂ ಕೆಲವರಿಗಿದೆ. 540 ಸುತ್ತಿನಲ್ಲಿ 300 ಮಿ.ಮೀ. ಪುಲ್ಲಿಯ ಬೆಲ್ಟ್ ಸೆಕೆಂಡಿಗೆ ಎಂಟೂವರೆ ಮೀಟರ್ ಮಾತ್ರ ಓಡುತ್ತದೆ. ಇಷ್ಟು ನಿಧಾನದ ಬೆಲ್ಟ್ ಹೆಚ್ಚು ಶಕ್ತಿ ಹೊರುವುದಿಲ್ಲ. ನಾಲ್ಕು ಸಿ-ಸೆಕ್ಷನ್ ಬೆಲ್ಟ್ ಹಾಕಿದರೂ ಗಟ್ಟಿ ಬೊಡ್ಡೆಗೆ ಜಾರುತ್ತವೆ. ಬೆಲ್ಟ್ ಬೇಕೇ ಬೇಕೆಂದರೆ ವೇಗ ಏರಿಸಿದ ಮೇಲೆ ಹಾಕಿ.

ಇನ್ನು ಚಕ್ರವನ್ನು ಹೊತ್ತ ತೋಳು. ಚಕ್ರ ಎಡಕ್ಕೆ ಬಲಕ್ಕೆ ಬೀಸುವಂತೆ ನೇರ ನಿಂತ 50 ಮಿ.ಮೀ. ಪಿನ್ನಿನ ಮೇಲೆ ತೋಳು ತಿರುಗುತ್ತದೆ. ಆ ಪಿನ್ ಎಲ್ಲಿ ಬರಬೇಕು ಎಂಬುದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಪಿಟಿಒ ಶಾಫ್ಟಿನ ಎರಡು ಕ್ರಾಸ್ ಜಾಯಿಂಟ್‌ಗಳ ಸರಿಯಾದ ನಡುವೆ ಪಿನ್ ಬಂದರೆ ತೋಳು 25 ಡಿಗ್ರಿ ಬೀಸಿದಾಗ ಪ್ರತಿ ಜಾಯಿಂಟ್‌ಗೆ 12.5 ಡಿಗ್ರಿ ಹಂಚಿಹೋಗುತ್ತದೆ, ಎರಡೂ ಸಮನಾಗಿರುವುದರಿಂದ ಶಾಫ್ಟ್ ಜಗ್ಗದೆ ತಿರುಗುತ್ತದೆ. ಪಿನ್ ಒಂದು ಜಾಯಿಂಟ್‌ನ ಕೆಳಗೇ ಬಂದರೆ ಅಷ್ಟೂ ಕೋನ ಅದೊಂದರ ಮೇಲೆ ಬಿದ್ದು ಕ್ರಾಸ್ ಬೇಗ ಹೋಗುತ್ತದೆ. ಪಿನ್ನಿನಿಂದ ಚಕ್ರಕ್ಕೆ 1.2 ಮೀಟರ್ ಇಟ್ಟರೆ ಒಂದು ಬೀಸಿಗೆ ಸುಮಾರು ಒಂದು ಮೀಟರ್ ಅಗಲ ಸಿಗುತ್ತದೆ.

ಆಳವನ್ನು ಟ್ರ್ಯಾಕ್ಟರಿನ ಮೂರು ಪಾಯಿಂಟ್ ಲಿಂಕೇಜ್‌ನಿಂದಲೇ ಇಳಿಸಬಹುದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಲಿಫ್ಟ್ ತಾನಾಗಿ ನಿಧಾನಕ್ಕೆ ಕುಸಿಯುತ್ತದೆ. ಅದಕ್ಕೆ ಫ್ರೇಮಿನ ಎರಡು ಬದಿಗೂ ಪಿನ್ ಹಾಕಿ ಎತ್ತರ ಬದಲಿಸುವ ಕಾಲುಗಳನ್ನು ಕೊಡಿ. ಒಟ್ಟು ತೂಕ 350 ಕಿಲೋ ಆಸುಪಾಸು, ಅದೂ ಬಹಳ ಹಿಂದಕ್ಕೆ ಚಾಚಿದ ತೂಕ. ಮುಂದಿನ ಬಂಪರ್ ಮೇಲೆ 80–100 ಕಿಲೋ ವೇಟ್ ಇಲ್ಲದೆ ರಸ್ತೆಗೆ ಇಳಿಸಬೇಡಿ. ಕೆಳಗಿನ ಲಿಂಕ್‌ಗಳ ಚೆಕ್ ಚೈನ್ ಬಿಗಿಯಾಗಿರಬೇಕು, ಇಲ್ಲದಿದ್ದರೆ ತೋಳು ಬೀಸುವ ಬದಲು ಫ್ರೇಮೇ ಬೀಸುತ್ತದೆ.

ಗುಜರಿಯಲ್ಲಿ ಹಳೆಯ ಜೀಪಿನ ಡಿಫರೆನ್ಷಿಯಲ್ ಅಗ್ಗಕ್ಕೆ ಸಿಕ್ಕಿದೆ. ಗೇರ್‌ಬಾಕ್ಸ್ ಬದಲು ಅದನ್ನೇ ಬಳಸಬಹುದೇ? — ಸಾಗರದ ಓದುಗರು

ಅಗ್ಗಕ್ಕೆ ಸಿಕ್ಕಿತೆಂದು ಹಾಕಬೇಡಿ. ಮೊದಲು ಒಳಗಿನ ಕ್ರೌನ್ (ದೊಡ್ಡ ಗೇರ್) ಮತ್ತು ಪಿನಿಯನ್ (ಸಣ್ಣ ಗೇರ್) ಹಲ್ಲು ಎಣಿಸಿ. 41 ಮತ್ತು 10 ಇದ್ದರೆ ಅನುಪಾತ 4.1. ಪಿನಿಯನ್ ಕಡೆಯಿಂದ ಪಿಟಿಒ ಕೊಟ್ಟರೆ ಆಕ್ಸಲ್ ತಿರುಗುವುದು 132 ಸುತ್ತು ಮಾತ್ರ. ಒಂದು ಆಕ್ಸಲ್ ಕಟ್ಟಿಹಾಕಿದರೆ ಇನ್ನೊಂದು 263 ತಿರುಗುತ್ತದೆ, ನಿಜ. ಆದರೆ ಒಳಗಿನ ಸ್ಪೈಡರ್ ಗೇರ್‌ಗಳು ತಿರುವಿನಲ್ಲಿ ಸ್ವಲ್ಪ ಹೊತ್ತು ತಿರುಗಲೆಂದು ಮಾಡಿದವು, ಅವಕ್ಕೆ ಬೇರಿಂಗ್ ಇಲ್ಲ. ಗಂಟೆಗಟ್ಟಲೆ ಓಡಿಸಿದರೆ ಪಿನ್ನಿಗೆ ಕಚ್ಚಿಕೊಂಡು ಸುಡುತ್ತವೆ.

ತಿರುಗಿಸಿ ಹಾಕಿ, ಆಕ್ಸಲ್ ಕಡೆಯಿಂದ ಕೊಟ್ಟು ಪಿನಿಯನ್‌ನಿಂದ ತೆಗೆದರೆ 2,214 ಸುತ್ತು ಬರುತ್ತದೆ. 660 ಮಿ.ಮೀ. ಚಕ್ರವನ್ನು ಆ ವೇಗಕ್ಕೆ ಬಿಟ್ಟರೆ ತುದಿ ಸೆಕೆಂಡಿಗೆ 76 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 270 ಕಿ.ಮೀ. ಮೀರಿ. ಹಲ್ಲೊಂದು ಕಳಚಿದರೆ ಯಾವ ಗಾರ್ಡೂ ತಡೆಯುವುದಿಲ್ಲ. ಬೆಲ್ಟ್‌ನಿಂದ ಮತ್ತೆ 800ಕ್ಕೆ ಇಳಿಸುವ ದಾರಿ ಇದೆ, ಬೆಲ್ಟ್ ಆ ವೇಗದಲ್ಲಿ ಚೆನ್ನಾಗಿಯೂ ಎಳೆಯುತ್ತದೆ. ಹಾಗೆ ಮಾಡುವವರು ಸ್ಪೈಡರ್ ಗೇರನ್ನು ವೆಲ್ಡ್ ಮಾಡಿ ಲಾಕ್ ಮಾಡಬೇಕು, ಜಿಎಲ್-5 ದರ್ಜೆಯ ಗೇರ್ ಎಣ್ಣೆಯನ್ನೇ ಹಾಕಬೇಕು. ಹೈಪಾಯ್ಡ್ ಗೇರನ್ನು ಉಲ್ಟಾ ಓಡಿಸಿದಾಗ ಬಿಸಿ ಹೆಚ್ಚು, ಕೈಯಿಡಲಾಗದಷ್ಟು ಕಾದರೆ ಕೆಲಸ ನಿಲ್ಲಿಸಿ ತಣಿಸಬೇಕು. ಇಷ್ಟೆಲ್ಲ ಮಾಡುವ ಬದಲು ಸೆಕೆಂಡ್ ಹ್ಯಾಂಡ್ ಸ್ಲ್ಯಾಶರ್ ಗೇರ್‌ಬಾಕ್ಸ್ ಹುಡುಕುವುದೇ ಜಾಣತನ. ರೋಟವೇಟರ್ ಗೇರ್‌ಬಾಕ್ಸೂ ಆಗದು. ಅದು ವೇಗ ಇಳಿಸಲು ಮಾಡಿದ್ದು.

ನೀಲಗಿರಿ ಬೊಡ್ಡೆ ತುರಿಯುವಾಗ ಹಲ್ಲಿನ ಕಾರ್ಬೈಡ್ ತುದಿಗಳು ಕಳಚಿ ಬೀಳುತ್ತಿವೆ, ಕೆಲವು ತುಂಡಾಗುತ್ತಿವೆ. ಗ್ಯಾಸ್ ವೆಲ್ಡಿಂಗ್‌ನವರೇ ಹಿತ್ತಾಳೆಯಿಂದ ಅಂಟಿಸಿಕೊಟ್ಟರು. ತಪ್ಪೆಲ್ಲಿ? — ಚಿಂತಾಮಣಿಯ ಓದುಗರು

ಕಳಚಿದ ಜಾಗವನ್ನು ನೋಡಿ. ಉಕ್ಕಿನ ಮೇಲೆ ಹಿತ್ತಾಳೆ ಅಂಟಿಕೊಂಡೇ ಇದ್ದು ಕಾರ್ಬೈಡ್ ನುಣ್ಣಗೆ ಎದ್ದು ಬಂದಿದ್ದರೆ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಅಂಟಿಸಿದ್ದು) ಹಿಡಿದಿಲ್ಲ. ಕಾರ್ಬೈಡಿನ ತೆಳು ಪದರ ಉಕ್ಕಿಗೇ ಅಂಟಿ ಉಳಿದಿದ್ದರೆ ಬ್ರೇಜಿಂಗ್ ಗಟ್ಟಿಯಾಗಿದೆ, ತುದಿ ಸೀಳಿದೆ. ಎರಡಕ್ಕೂ ಮದ್ದು ಬೇರೆ.

ಬ್ರೇಜಿಂಗ್ ಹಿಡಿಯದಿರುವುದಕ್ಕೆ ಕೊಳಕು ಮತ್ತು ಅತಿಬಿಸಿ ಕಾರಣ. ಕಾರ್ಬೈಡಿನ ಕೂರುವ ಮುಖವನ್ನು ಡೈಮಂಡ್ ವೀಲ್ ಅಥವಾ ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲಿನಲ್ಲಿ ಉಜ್ಜಿ ಮಂಕು ಹೊಳಪು ಬರಿಸಿ. ಸಾಮಾನ್ಯ ಗ್ರೈಂಡಿಂಗ್ ಕಲ್ಲು ಕಾರ್ಬೈಡನ್ನು ಸವೆಸುವುದಿಲ್ಲ, ಕಾಯಿಸಿ ಸೀಳುಬಿಡಿಸುತ್ತದೆ. ಉಕ್ಕಿನ ಕೂರು ಜಾಗವನ್ನೂ ಅರದಿಂದ ಸಮ ಮಾಡಿ ಥಿನ್ನರ್‌ನಿಂದ ಒರೆಸಿ. ಹಿತ್ತಾಳೆ ಕರಗಲು ಸುಮಾರು 900 ಡಿಗ್ರಿ ಬೇಕು. ಶೇ. 45–55 ಬೆಳ್ಳಿ ಇರುವ ಸಿಲ್ವರ್ ಬ್ರೇಜಿಂಗ್ ರಾಡ್ 650–700 ಡಿಗ್ರಿಯಲ್ಲೇ ಹರಿಯುತ್ತದೆ. ಬೆಲೆ ಹೆಚ್ಚು, ಆದರೆ ಒಂದು ಹಲ್ಲಿಗೆ ಬೇಕಾಗುವುದು ಚೂರೇ ಚೂರು. ಕ್ಯಾಡ್ಮಿಯಂ ಇಲ್ಲದ ರಾಡನ್ನೇ ಕೇಳಿ ತನ್ನಿ, ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ.

ಎರಡು ಮುಖಗಳ ನಡುವೆ 0.05–0.1 ಮಿ.ಮೀ. ಸಂದು ಇರಬೇಕು. ಇಕ್ಕಳದಿಂದ ಒತ್ತಿ ಹಿಡಿದರೆ ಕರಗಿದ ಬೆಳ್ಳಿಯೆಲ್ಲ ಹೊರಗೆ ಹಿಂಡಿಹೋಗುತ್ತದೆ. ಫ್ಲಕ್ಸ್ ಸವರಿ, ಜ್ವಾಲೆಯನ್ನು ಕಾರ್ಬೈಡಿಗೆ ತೋರಿಸದೆ ಉಕ್ಕಿನ ಕೆಳಗಿನಿಂದ ಕಾಯಿಸಿ. ಫ್ಲಕ್ಸ್ ಗಾಜಿನಂತೆ ತಿಳಿಯಾದಾಗ ರಾಡನ್ನು ಸಂದಿಗೆ ಮುಟ್ಟಿಸಿದರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಕಡ್ಡಿಯಿಂದ ತುದಿಯನ್ನು ಒಂದೆರಡು ಮಿಲಿಮೀಟರ್ ಅತ್ತಿತ್ತ ಜರುಗಿಸಿ ಕೂರಿಸಿ, ಒಳಗೆ ಸಿಕ್ಕಿದ ಗುಳ್ಳೆ ಹೊರಬರುತ್ತದೆ. ಅಷ್ಟಾದ ಮೇಲೆ ನೀರಿಗೆ ಮಾತ್ರ ಅದ್ದಬೇಡಿ. ಉಕ್ಕು ತಣಿಯುವಾಗ ಕಾರ್ಬೈಡಿಗಿಂತ ಎರಡು ಪಟ್ಟು ಕುಗ್ಗುತ್ತದೆ. ಸರ್ರನೆ ತಣಿದರೆ ಆ ಎಳೆತಕ್ಕೆ ಕಾರ್ಬೈಡ್ ಕಣ್ಣಿಗೆ ಕಾಣದಂತೆ ಸೀಳಿ, ಮೊದಲ ಬೊಡ್ಡೆಯಲ್ಲೇ ಹಾರುತ್ತದೆ. ಒಣ ಬೂದಿ ಅಥವಾ ಸುಣ್ಣದ ಪುಡಿಯಲ್ಲಿ ಹೂತಿಟ್ಟು ಕೈಮುಟ್ಟುವಷ್ಟು ತಣಿಯಲು ಬಿಡಿ.

ತುದಿಯೇ ಸೀಳುವುದಾದರೆ ನೀವು ಹಾಕಿರುವುದು ಲೇತ್ ಟೂಲಿನ ತುಣುಕು ಇರಬೇಕು. ಅದು ಸವೆತ ತಡೆಯುತ್ತದೆ, ಏಟು ತಡೆಯದು. ಕೋಬಾಲ್ಟ್ ಹೆಚ್ಚಿರುವ ಮೈನಿಂಗ್ ದರ್ಜೆಯ ಕಾರ್ಬೈಡ್ ಬೇಕು. ಕಲ್ಲು ಕ್ವಾರಿಗಳಲ್ಲಿ ಜ್ಯಾಕ್‌ಹ್ಯಾಮರಿಗೆ ಹಾಕುವ ಡ್ರಿಲ್ ರಾಡಿನ ತುದಿಯಲ್ಲಿರುವುದು ಅದೇ. ಸವೆದು ಬಿಸಾಡಿದ ರಾಡುಗಳಿಂದ ಬಿಡಿಸಿಕೊಂಡರೆ ಒಳ್ಳೆಯ ಹಲ್ಲಾಗುತ್ತದೆ.

ಹಲ್ಲಿನ ಹಿಂಭಾಗಕ್ಕೆ 8–10 ಡಿಗ್ರಿ ಬಿಡುವು ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಕಾರ್ಬೈಡೂ ಉಜ್ಜಿಕೊಂಡು ಕಾಯುತ್ತದೆ. ಅಗಲವನ್ನೂ ಅಳೆಯಿರಿ. 25 ಮಿ.ಮೀ. ಚಕ್ರಕ್ಕೆ ಎರಡೂ ಕಡೆ 25 ಮಿ.ಮೀ. ಹೋಲ್ಡರ್ ಸೇರಿ 75 ಆಯಿತು. ಹಲ್ಲುಗಳು ಎಡಬಲಕ್ಕೆ ಬಾಗಿ ಕೊರೆಯುವ ಅಗಲ ಕನಿಷ್ಠ 90 ಇರಬೇಕು. ಕಡಿಮೆಯಾದರೆ ಹೋಲ್ಡರೇ ಮರಕ್ಕೆ ಉಜ್ಜಿ ಹೊಗೆ ಬರುತ್ತದೆ, ಬಿಸಿಗೆ ಬ್ರೇಜಿಂಗ್ ಸಡಿಲವಾಗುತ್ತದೆ. ನಿಮ್ಮ ಪತ್ರದಲ್ಲಿ ಹೊಗೆಯ ಮಾತಿಲ್ಲ, ಆದರೂ ಹೋಲ್ಡರಿನ ಬದಿಯಲ್ಲಿ ನೀಲಿ ಕಲೆ ಇದೆಯೇ ನೋಡಿ.

ಚಕ್ಕೆ ಬೆರಳುಗುರಿನಷ್ಟು ದಪ್ಪ ಬರುತ್ತಿದ್ದರೆ ಹಲ್ಲು ಚೂಪಾಗಿದೆ, ಹಿಟ್ಟಿನಂಥ ಪುಡಿ ಬಂದರೆ ಮೊಂಡಾಗಿದೆ. ನೀಲಗಿರಿಯ ವಿಷಯದಲ್ಲಿ ಇನ್ನೊಂದು: ನೆಲಮಟ್ಟಕ್ಕೆ ತುರಿದು ಬಿಟ್ಟರೆ ಮತ್ತೆ ಚಿಗುರುತ್ತದೆ. ಬುಡದ ಗಂಟು ಪೂರ್ತಿ ಹೋಗುವವರೆಗೆ, ಅಂದರೆ 15–20 ಸೆಂ.ಮೀ. ಕೆಳಗಿನವರೆಗೆ ಇಳಿಸಿ.

ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತದೆ. ಮೆಕ್ಯಾನಿಕ್ 12.9 ಗ್ರೇಡ್ ಬೋಲ್ಟ್ ಹಾಕಿ ಎನ್ನುತ್ತಾರೆ. — ಪಿರಿಯಾಪಟ್ಟಣದ ಓದುಗರು

ಹಾಕಬೇಡಿ. ಆ ಬೋಲ್ಟ್ ಇರುವುದೇ ಮುರಿಯಲಿಕ್ಕೆ. 40 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರಿನ ಪಿಟಿಒದಲ್ಲಿ ಕೆಲಸದ ತಿರುಚುಬಲ ಸುಮಾರು 450 ನ್ಯೂಟನ್-ಮೀಟರ್. ಕೇಂದ್ರದಿಂದ 50 ಮಿ.ಮೀ. ದೂರದಲ್ಲಿ ಒಂದೇ ಒಂದು ಎಂ8, 8.8 ಗ್ರೇಡ್ ಬೋಲ್ಟ್ ಇದ್ದರೆ ಅದು 880ರ ಸುಮಾರಿಗೆ ತುಂಡಾಗುತ್ತದೆ, ಕೆಲಸದ ಬಲದ ಎರಡರಷ್ಟು. ಇದೇ ಸರಿಯಾದ ಅಂತರ. 12.9 ಹಾಕಿದರೆ 1,300 ದಾಟುತ್ತದೆ. ಆಗ ಬೋಲ್ಟ್ ಉಳಿದು ಗೇರ್‌ಬಾಕ್ಸಿನ ಹಲ್ಲೋ ಟ್ರ್ಯಾಕ್ಟರಿನ ಪಿಟಿಒ ಶಾಫ್ಟೋ ಹೋಗುತ್ತದೆ.

ಮೇಲಿನ ಲೆಕ್ಕ ಬೋಲ್ಟಿನ ಥ್ರೆಡ್ ಇರುವ ಭಾಗ ಎರಡು ಫ್ಲೇಂಜ್‌ಗಳ ಸಂದಿಗೆ ಬಂದಾಗಿನದು. ಥ್ರೆಡ್ ಇಲ್ಲದ ನುಣುಪು ಭಾಗ ಸಂದಿಗೆ ಬಂದರೆ ಅದೇ ಬೋಲ್ಟ್ 1,200ರವರೆಗೆ ತಡೆಯುತ್ತದೆ. ಅಂಗಡಿಯಲ್ಲಿ ಸಿಕ್ಕ ಉದ್ದದ ಬೋಲ್ಟ್ ತಂದು ಹಾಕುವವರಿಗೆ ಒಂದು ದಿನ ಬೇಗ ಮುರಿಯುವುದು, ಇನ್ನೊಂದು ದಿನ ಮುರಿಯದೇ ಇರುವುದು ಇದರಿಂದಲೇ. ಒಂದೇ ಉದ್ದದವನ್ನು ಹತ್ತಿಪ್ಪತ್ತು ತಂದಿಟ್ಟುಕೊಳ್ಳಿ.

ಪದೇ ಪದೇ ಮುರಿಯಲು ಸಾಮಾನ್ಯ ಕಾರಣ ಬೋಲ್ಟಿನ ತೂತು ಅಗಲವಾಗಿರುವುದು. 8ರ ಬೋಲ್ಟಿಗೆ 10ರ ತೂತಾಗಿದ್ದರೆ ಪ್ರತಿ ಹೊಡೆತಕ್ಕೂ ಫ್ಲೇಂಜ್ ಸುತ್ತಿಗೆಯಂತೆ ಬಡಿಯುತ್ತದೆ. ತೂತಿಗೆ ಗಟ್ಟಿ ಉಕ್ಕಿನ ಬುಷ್ ಹಾಕಿಸಿ. ಅದು ಸರಿಯಿದ್ದೂ ಮುರಿದರೆ ಬೀಸುವ ವೇಗ ಹೆಚ್ಚಿರಬೇಕು, ಮುಂದಿನ ಉತ್ತರ ನೋಡಿ.

ತೋಳು ಬೀಸುವ ಹೈಡ್ರಾಲಿಕ್ ಸಿಲಿಂಡರಿನ ಲಿವರ್ ಸ್ವಲ್ಪ ಮುಟ್ಟಿದರೆ ಸಾಕು, ತೋಳು ರಪ್ಪನೆ ಹೊಡೆದು ಎಂಜಿನ್ ಕುಸಿಯುತ್ತದೆ. — ಕೊಪ್ಪದ ಓದುಗರು

ಹೈಡ್ರಾಲಿಕ್ ಎಣ್ಣೆ ಹೆಚ್ಚು ಹರಿಯುತ್ತಿದೆ. 50 ಮಿ.ಮೀ. ಬೋರ್ ಸಿಲಿಂಡರಿಗೆ ನಿಮಿಷಕ್ಕೆ 5 ಲೀಟರ್ ಹೋದರೆ ರಾಡ್ ಸೆಕೆಂಡಿಗೆ 42 ಮಿ.ಮೀ. ಚಲಿಸುತ್ತದೆ. ಸಿಲಿಂಡರ್ ಪಿನ್ನಿನಿಂದ 400 ಮಿ.ಮೀ. ದೂರದಲ್ಲಿ, ಚಕ್ರ 1,200 ದೂರದಲ್ಲಿ ಇದ್ದರೆ ಚಕ್ರ ಅದರ ಮೂರು ಪಟ್ಟು, ಸೆಕೆಂಡಿಗೆ ಸುಮಾರು 13 ಸೆಂ.ಮೀ. ಬೀಸುತ್ತದೆ. ಇದು ಕೆಲಸದ ಮೇಲಿನ ಮಿತಿ. ಟ್ರ್ಯಾಕ್ಟರ್ ಪಂಪಿನಿಂದ 30 ಲೀಟರ್ ನೇರ ಹೋದರೆ ಅದೇ ಚಕ್ರ ಸೆಕೆಂಡಿಗೆ ಮುಕ್ಕಾಲು ಮೀಟರ್ ಬೀಸುತ್ತದೆ.

ಸಿಲಿಂಡರಿನ ಎರಡೂ ಪೋರ್ಟಿಗೆ ಹೊಂದಿಸಬಹುದಾದ ಫ್ಲೋ ಕಂಟ್ರೋಲ್ ವಾಲ್ವ್ ಹಾಕಿ. ಅದು ಸಿಗದಿದ್ದರೆ ಹೋಸ್ ಅಡಾಪ್ಟರಿನೊಳಗೆ 1 ಮಿ.ಮೀ. ತೂತಿನ ಜೆಟ್ ಕೂರಿಸಿ. 150 ಬಾರ್ ಒತ್ತಡದಲ್ಲಿ ಅದರಲ್ಲಿ ಐದು ಲೀಟರ್ ಚಿಲ್ಲರೆ ಹರಿಯುತ್ತದೆ. 1.5 ಮಿ.ಮೀ. ಮಾಡಿದರೆ 12 ಲೀಟರ್ ದಾಟುತ್ತದೆ, ಡ್ರಿಲ್ ಬಿಟ್ ಆರಿಸುವಾಗ ಅಂದಾಜು ಬೇಡ. ದೊಡ್ಡ ಸಿಲಿಂಡರ್ ಹಾಕಿ ನಿಧಾನ ಮಾಡುವ ಉಪಾಯವೂ ಬೇಡ. 50 ಬೋರಿನದೇ 150 ಬಾರ್‌ನಲ್ಲಿ ಮೂರು ಟನ್ ತಳ್ಳುತ್ತದೆ, ತೋಳಿನ ವೆಲ್ಡಿಂಗ್ ಬಿರುಕು ಬಿಡಲು ಅಷ್ಟೇ ಸಾಕು.

ತುರಿಯುವ ಕ್ರಮವೂ ಮುಖ್ಯ. ಬೊಡ್ಡೆಯ ನಡುವೆ ಚಕ್ರ ಇಳಿಸಬೇಡಿ. ಅಂಚಿನಿಂದ ಶುರುಮಾಡಿ 50–75 ಮಿ.ಮೀ. ಆಳಕ್ಕಿಳಿಸಿ ಬೀಸಿ, ಟ್ರ್ಯಾಕ್ಟರನ್ನು ಅಂಗೈ ಅಗಲ ಹಿಂದಕ್ಕೆ ತಂದು ಮತ್ತೆ ಬೀಸಿ. ಎಂಜಿನ್ ದನಿ ಇಳಿದ ಕೂಡಲೇ ಲಿವರ್ ಬಿಡಿ, ದನಿ ಏರಿದ ಮೇಲೆ ಮುಂದುವರಿಸಿ.

ಗೇರ್‌ಬಾಕ್ಸ್ ಹೊಸದು, ಆದರೂ ಎಣ್ಣೆ ಸೋರುತ್ತದೆ, ಬಿಸಿಯಾಗುತ್ತದೆ. — ಹುಣಸೂರಿನ ಓದುಗರು

ಸ್ಲ್ಯಾಶರ್‌ನಲ್ಲಿ ಆ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ನೆಲಕ್ಕೆ ಮುಖ ಮಾಡಿರುತ್ತದೆ. ನೀವು ಮಗ್ಗುಲಿಗೆ ಮಲಗಿಸಿದ್ದೀರಿ, ಆದರೆ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪ್ಲಗ್ ಎಲ್ಲಿತ್ತೋ ಅಲ್ಲೇ ಇದೆ. ಈಗ ಅದು ಎಣ್ಣೆಯ ಮಟ್ಟದಲ್ಲಿದ್ದು ಅಲ್ಲಿಂದ ಎಣ್ಣೆ ಉಗುಳುತ್ತದೆ, ಅಥವಾ ಮುಚ್ಚಿಹೋಗಿ ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಸೀಲನ್ನು ಹೊರತಳ್ಳುತ್ತದೆ. ಈಗಿನ ಭಂಗಿಯಲ್ಲಿ ಅತಿ ಮೇಲಿರುವ ಪ್ಲಗ್‌ಗೆ ಬ್ರೀದರ್ ಬದಲಿಸಿ. ಎಣ್ಣೆ ಮಟ್ಟವನ್ನು ಹಳೆಯ ಲೆವೆಲ್ ಪ್ಲಗ್ ನೋಡಿ ತುಂಬಬೇಡಿ, ಅಡ್ಡ ಶಾಫ್ಟಿನ ನಡುಗೆರೆಯವರೆಗೆ ಹಾಕಿ. ಎಲ್ಲ ಬೇರಿಂಗಿಗೂ ಎಣ್ಣೆ ತಲುಪಬೇಕು.

ಕೂರಿಸುವ ಮೊದಲು ಚಕ್ರ ಯಾವ ಕಡೆ ತಿರುಗುತ್ತದೆ ಎಂದೂ ನೋಡಿಕೊಳ್ಳಿ. ಚಕ್ರದ ತಳಭಾಗ ಟ್ರ್ಯಾಕ್ಟರಿನತ್ತ ಓಡಬೇಕು, ಚಕ್ಕೆ ಫ್ರೇಮಿನಡಿ ಬಂದು ಚೈನ್ ಪರದೆಗೆ ಬಡಿದು ಬೀಳಬೇಕು. ಉಲ್ಟಾ ಇದ್ದರೆ ಗೇರ್‌ಬಾಕ್ಸನ್ನು ಇನ್ನೊಂದು ಮಗ್ಗುಲಿಗೆ ಮಲಗಿಸಿದರೆ ದಿಕ್ಕು ಬದಲಾಗುತ್ತದೆ.

ಕ್ಲಚ್ ಒತ್ತಿದರೂ ಟ್ರ್ಯಾಕ್ಟರ್ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ, ಏಕೆ? — ಮದ್ದೂರಿನ ಓದುಗರು

ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಭಾರದ ಚಕ್ರ ತಿರುಗುತ್ತಲೇ ಇದ್ದು ಪಿಟಿಒ ಮೂಲಕ ಗೇರನ್ನು ತಿರುಗಿಸುತ್ತದೆ. ಪಿಟಿಒ ತುದಿಗೆ ಓವರ್‌ರನ್ನಿಂಗ್ ಕ್ಲಚ್ (ಚಕ್ರದ ತಿರುಗುವಿಕೆ ಟ್ರ್ಯಾಕ್ಟರಿಗೆ ಮರಳದಂತೆ ತಡೆಯುವುದು) ಹಾಕಿ. ಅದು ಬರುವವರೆಗೆ ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್‌ನಲ್ಲಿದ್ದಾಗ ಮಾತ್ರ ತುರಿಯಿರಿ.

ಇದ್ದಕ್ಕಿದ್ದಂತೆ ನಡುಕ ಶುರುವಾಗಿದೆ. — ಅರಕಲಗೂಡಿನ ಓದುಗರು

ನಿಲ್ಲಿಸಿ ಹಲ್ಲು ಎಣಿಸಿ. ಕಾಲು ಕಿಲೋದ ಒಂದು ಹಲ್ಲು ಹೋಗಿದ್ದರೆ 800 ಸುತ್ತಿನಲ್ಲಿ ಬೇರಿಂಗನ್ನು ಪ್ರತಿ ಸುತ್ತಿಗೂ 50 ಕಿಲೋ ಮೀರಿದ ಬಲ ಎಳೆಯುತ್ತದೆ. ಹೊಸ ಹಲ್ಲು ಇಲ್ಲದಿದ್ದರೆ ಅದರ ನೇರ ಎದುರಿನ ಹಲ್ಲನ್ನೂ ತೆಗೆದು ಕೆಲಸ ಮುಗಿಸಿ. ಹಲ್ಲಿನ ಎಂ16, 8.8 ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ 200 ನ್ಯೂಟನ್-ಮೀಟರಿಗೆ ಬಿಗಿದು, ಅರ್ಧ ಗಂಟೆ ಓಡಿಸಿ ಮತ್ತೆ ಬಿಗಿಯಬೇಕು. ಹೊಸದರಲ್ಲಿ ಸಡಿಲವಾಗುವುದು ಸಹಜ.

ತೆಂಗಿನ ನಾರು ಶಾಫ್ಟಿಗೆ ಸುತ್ತಿ ಬೇರಿಂಗ್ ಸುಟ್ಟುಹೋಯಿತು. ಅಣಬೆ ರೋಗದಿಂದ ಸತ್ತ ಮರಗಳ ಬೊಡ್ಡೆಯನ್ನೂ ಇದರಲ್ಲೇ ತುರಿಯಬಹುದೇ? — ಅರಸೀಕೆರೆಯ ಓದುಗರು

ತೆಂಗಿನ ಬುಡ ಮರದಂತೆ ಚಕ್ಕೆಯಾಗದು, ನಾರಾಗಿ ಬಿಚ್ಚುತ್ತದೆ. ಹಸಿಯಾಗಿದ್ದರಂತೂ ಹಗ್ಗದಂತೆ ಸುತ್ತಿಕೊಂಡು ಬೇರಿಂಗಿನ ರಬ್ಬರ್ ಸೀಲನ್ನು ಕಿತ್ತು ಒಳಗಿನ ಗ್ರೀಸ್ ಹೀರುತ್ತದೆ. ಚಕ್ರಕ್ಕೂ ಬೇರಿಂಗಿಗೂ ನಡುವೆ ಶಾಫ್ಟಿನ ಮೇಲೆ ಒಂದು ಪೈಪ್ ತುಂಡನ್ನು ಫ್ರೇಮಿಗೆ ವೆಲ್ಡ್ ಮಾಡಿ ಮುಚ್ಚಿ. ಪೈಪ್ ತಿರುಗಬಾರದು, ಶಾಫ್ಟಿಗೆ ಮುಟ್ಟಲೂ ಬಾರದು, ಸುತ್ತ 3 ಮಿ.ಮೀ. ಸಂದು ಸಾಕು. ನಾರು ತೆಗೆಯುವಾಗ ಎಂಜಿನ್ ಆಫ್ ಮಾಡಿ ಕೀಲಿ ಜೇಬಿಗೆ ಹಾಕಿಕೊಳ್ಳಿ. ಲುಂಗಿ, ಹೆಗಲ ಮೇಲಿನ ಟವೆಲ್ ಪಿಟಿಒ ಹತ್ತಿರ ಬೇಡವೇ ಬೇಡ. ಕಡಿದ ಬೊಡ್ಡೆ ಒಂದು ಬೇಸಿಗೆ ಒಣಗಿದ ಮೇಲೆ ಕೆಲಸ ಸುಲಭ, ಆದರೆ ಬಹಳ ಕಾಲ ಕೊಳೆಯಲು ಬಿಟ್ಟರೆ ಕೊಂಬಿನ ದುಂಬಿ ಅಲ್ಲೇ ಮೊಟ್ಟೆಯಿಡುತ್ತದೆ.

ರೋಗದ ಬೊಡ್ಡೆಯನ್ನು ಈ ಯಂತ್ರಕ್ಕೆ ಕೊಡಬೇಡಿ. ಅಣಬೆ ರೋಗದ ಶಿಲೀಂಧ್ರ ಬೇರಿನಲ್ಲಿ, ಮಣ್ಣಿನಲ್ಲಿ ಉಳಿದು ಪಕ್ಕದ ಮರಕ್ಕೆ ದಾಟುತ್ತದೆ. ತುರಿದ ಪುಡಿ ಹಲವು ಮೀಟರ್ ದೂರ ಚೆಲ್ಲುವುದರಿಂದ ನೀವೇ ಅದನ್ನು ಹಂಚಿದಂತಾಗುತ್ತದೆ. ಅಂಥವನ್ನು ಬೇರುಸಹಿತ ಅಗೆದು ಅದೇ ಗುಂಡಿಯಲ್ಲಿ ಸುಡಿ. ಮೊದಲು ಆರೋಗ್ಯದ ಬೊಡ್ಡೆಗಳನ್ನೆಲ್ಲ ತುರಿದು ಮುಗಿಸಿ. ಅಪ್ಪಿತಪ್ಪಿ ರೋಗದ ಬುಡಕ್ಕೆ ಚಕ್ರ ತಾಗಿದ್ದರೆ ಚಕ್ರ, ಗಾರ್ಡ್, ಟೈರುಗಳ ಮಣ್ಣನ್ನು ಆ ಜಾಗದಲ್ಲೇ ತೊಳೆದು, ಆಮೇಲೆ ಬೇರೆ ತೋಟಕ್ಕೆ ಒಯ್ಯಿರಿ.